ಲೋಕಲ್ ಸೇರಿಸಿದ ಹೆಸರು

ನಗುವವರು ನಗಲಿ. ಇದು ಕಟ್ಟುಕತೆಯಲ್ಲ, ಆ ಕುರ್ಚಿಯಲ್ಲಿ ಕೂತಿದ್ದವನು ನಾನೇ.

ತೊಂಬತ್ತರ ದಶಕದ ಕೊನೆ. ದಾವಣಗೆರೆಯಿಂದ ದಿನಾ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಅಲ್ಲಿಯ ಒಂದು ಕಾರ್ಖಾನೆಗೆ ಪ್ರೋಗ್ರಾಂ ಬರೆಯುತ್ತಿದ್ದೆ. ಕುದಿಸುವ ತೊಟ್ಟಿಯನ್ನು ತೊಳೆಯಲು ಒಳಗಿಳಿದವರ ಪಟ್ಟಿ ಸರ್ವರಿನಲ್ಲಿರುತ್ತಿತ್ತು. ಬೇರೆ ಕಂಪ್ಯೂಟರುಗಳಿಗೆ ಹೋಗುತ್ತಿದ್ದುದು ಅದರ ನಕಲು, ನೋಡುವುದಕ್ಕಷ್ಟೇ. ಅಸಲು ಪಟ್ಟಿ ಸಿಗುತ್ತಿದ್ದುದು ಅದೇ ಸರ್ವರಿನೊಳಗೆ ಓಡುವ ಪ್ರೋಗ್ರಾಮಿಗೆ ಮಾತ್ರ. ಹಾಗೆ ಸರ್ವರಿನೊಳಗೇ ನಡೆದದ್ದನ್ನು 'ಲೋಕಲ್' ಎನ್ನುತ್ತಿದ್ದೆವು. ಹೆಸರು ಸೇರಿಸುವುದು, ಅಳಿಸುವುದು ಎಲ್ಲ ಸರ್ವರಿದ್ದ ಕೋಣೆಯ ಒಂದೇ ಕೀಲಿಮಣೆಯಿಂದ. ಪಟ್ಟಿ ಖಾಲಿಯಾದ ಮೇಲಷ್ಟೇ ತೊಟ್ಟಿಗೆ ಸ್ಟೀಮ್, ಅಂದರೆ ಸುಡುಹಬೆ, ಬಿಡುತ್ತಿದ್ದರು.

ಪರೀಕ್ಷೆಗೆ ನಾನು ಯಾವಾಗಲೂ ಹಾಕುತ್ತಿದ್ದುದು ಹದಡಿ ಊರಿನ ಫಿಟರ್ ಮಹಾಂತೇಶನ ಹೆಸರು.

"ದಿನಕ್ಕೆಷ್ಟು ಸಲ ನನ್ನ ಮುಳುಗುಸ್ತೀರಿ ಸಾರ್?" ಎಂದು ಅವನು ನಗುತ್ತಿದ್ದ.

ಆ ರಾತ್ರಿ ನಾನು ಸರ್ವರ್ ಕೋಣೆಗೆ ಹೋದಾಗ, ಹೆಸರು ಹಾಕುವ ಆಪರೇಟರ್ ಊಟಕ್ಕೆದ್ದಿದ್ದ. ಪಟ್ಟಿಯಲ್ಲಿ ಒಂದೇ ಹೆಸರು, ಮಹಾಂತೇಶ. ಅವನದು ಹಗಲು ಪಾಳಿ. ಮಧ್ಯಾಹ್ನದ ಪರೀಕ್ಷೆಯದು ಉಳಿದಿದೆ ಎಂದುಕೊಂಡು ಅಳಿಸಿದೆ.

ನನ್ನ ಕೈಗಳು ಮಡಿಲಲ್ಲಿದ್ದವು, ಕೀಲಿಮಣೆ ತಾನೇ ಸದ್ದು ಮಾಡಿತು... ಟಕ್. ಟಕ್. ಹೆಸರು ಮತ್ತೆ ಇತ್ತು.

ಥತ್, ಎಲ್ಲೋ ತಪ್ಪು ಬರೆದಿದ್ದೇನೆ ಎಂದು ಮತ್ತೆ ಅಳಿಸಿದೆ. ಬಾಗಿಲು ಹಾಕಿತ್ತು. ಆದರೂ ಒದ್ದೆ ಕಬ್ಬಿಣದ ವಾಸನೆ, ಬೆವರಿನ ವಾಸನೆ... ಬೆನ್ನ ಹಿಂದೆಯೇ ಯಾರೋ ಏದುಸಿರು ಬಿಟ್ಟ ಹಾಗೆ. ತಿರುಗಿದೆ, ಯಾರೂ ಇಲ್ಲ. ಪರದೆಯಲ್ಲಿ ಮಹಾಂತೇಶ.

ನನಗೆ ಭಯಕ್ಕಿಂತ ಸಿಟ್ಟು ಬಂತು. ಮೂರನೇ ಸಲ ಅಳಿಸಿದೆ. ಫೋನು ಬಡಿದುಕೊಂಡಿತು. ತೊಟ್ಟಿಯ ಕಡೆಯ ಮೇಸ್ತ್ರಿ ಖಾದರ್ ಸಾಬರು.

"ಸಾರ್, ನಾ ಈಗ ಪಾಳಿಗೆ ಬಂದೆ. ಸ್ಕ್ರೀನ್‌ನಾಗೆ ಹೆಸರು ಒಮ್ಮೆ ಐತೆ, ಒಮ್ಮೆ ಇಲ್ಲ. ಒಳಗೆ ಯಾರಾದ್ರೂ ಅದಾರೇನ್ರಿ?"

ಅವರು ಕೇಳುತ್ತಿದ್ದಂತೆ ನನ್ನೆದುರು ಹೆಸರು ಮತ್ತೆ ಮೂಡಿತು. ಕಂಡೆ. ಕಂಡೂ ಹೇಳಿದೆ, "ಅದು ನನ್ನ ಟೆಸ್ಟಿಂದು ಸಾಬ್ರೇ. ಯಾರೂ ಇಲ್ಲ, ಸ್ಟೀಮ್ ಬಿಡ್ರಿ."

ಸ್ವಲ್ಪ ಹೊತ್ತಿಗೆ ಫೋನು ಮತ್ತೆ ಬಂತು. ಖಾದರ್ ಸಾಬರ ದನಿ ಗುರುತೇ ಸಿಗಲಿಲ್ಲ.

"ಪಾಳಿ ಬದ್ಲಿ ಮಾಡ್ಕೊಂಡಿದ್ನಂತೆ ಸಾರ್... ಯಾ ಅಲ್ಲಾ, ಒಳಗಿದ್ದ ಸಾರ್..."

ಮನೆಗೆ ಹೋದಾಗ ಅವನ ಹೆಂಡತಿ ನನಗೆ ಕುರ್ಚಿ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಸರ್ವರಿನ ದಾಖಲೆ ತೆಗೆಸಿದರು. ಮೂರು ಸಲವೂ ಹೆಸರು ಸೇರಿಸಿದವರ ಜಾಗದಲ್ಲಿ 'ಲೋಕಲ್' ಎಂದಷ್ಟೇ ಇತ್ತು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಆ ಮೂರು ಸಲವೂ ಅವನಿನ್ನೂ ಬದುಕಿದ್ದ, ತೊಟ್ಟಿಯೊಳಗಿದ್ದ. ಸೇರಿಸಿದವರು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ... ಅಳಿಸಿದವನು ಯಾರು ಎಂಬುದು ಗೊತ್ತು.