ಎರಡು ಬೀಗದ ಪಂಪ್‌ಮನೆ

ಕೆಂಗೇರಿ ಆಗಿನ್ನೂ ಬೆಂಗಳೂರಿಗೆ ಸೇರಿರಲಿಲ್ಲ. ಅದಕ್ಕೊಂದು ಪುರಸಭೆ, ಪಕ್ಕದ ನಮ್ಮ ಹಳ್ಳಿಗೊಂದು ಪಂಚಾಯಿತಿ. ನಡುವೆ, ಕೆರೆಯಂಚಿನಲ್ಲಿ, ಇಬ್ಬರಿಗೂ ಸೇರಿದ ಒಂದು ಕೊಳವೆಬಾವಿ. ಜಗಳವಾಡಿ ಸುಸ್ತಾಗಿ ಕೊನೆಗೆ ಒಪ್ಪಂದ ಮಾಡಿಕೊಂಡಿದ್ದರು: ಒಂದು ದಿನ ಅವರಿಗೆ, ಒಂದು ದಿನ ನಮಗೆ. ಪಂಪ್‌ಮನೆಯ ಬಾಗಿಲಿಗೆ ಎರಡು ಬೀಗ. ಇಬ್ಬರೂ ಬಂದರಷ್ಟೇ ತೆರೆಯುವುದು. ನಮ್ಮ ಕಡೆಯ ಬೀಗದಕೈ ಪಂಚಾಯಿತಿ ಮೆಂಬರಾಗಿದ್ದ ಅಪ್ಪನ ಉಡಿದಾರದಲ್ಲಿರುತ್ತಿತ್ತು.

ಬೆಳಗಿನ ಮಂಜಿನಲ್ಲಿ, ಪುರಸಭೆಯ ಕಡೆಯಿಂದ ನೀರು ಬಿಡುವವರೊಬ್ಬರು ಅವರ ಬೀಗದಕೈ ಹಿಡಿದು ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಮೊದಲು ಕೆಮ್ಮು ಕೇಳಿಸುತ್ತಿತ್ತು, ಆಮೇಲೆ ಅವರು ಕಾಣುತ್ತಿದ್ದರು.

“ಏನ್ ಮೆಂಬ್ರೇ, ನಮಗೊಂದ್ ತೊಟ್ಟಾದ್ರೂ ಉಳಿಸಿದೀರಾ?”

“ನಿಮ್ಮೋರು ಸ್ಕೂಟರ್ ತೊಳೆಯೋಕೆ ಸಾಕಾಗುತ್ತೆ, ಬನ್ರೀ.”

ಯಾರ ಸರದಿಯೋ ಅವರು ತಮ್ಮ ಬೀಗವನ್ನು ಕೊನೆಗೆ ತೆಗೆಯಬೇಕು. ಕೊಡುವವರದು ಮೊದಲು. ಅದು ಯಾವ ಒಪ್ಪಂದದಲ್ಲೂ ಇರಲಿಲ್ಲ, ಅವರಿಬ್ಬರೇ ಮಾಡಿಕೊಂಡ ಮರ್ಯಾದೆ.

ಅಪ್ಪ ತೀರಿಕೊಂಡಾಗ ಆ ಬೀಗದಕೈಯನ್ನು ಬಿಚ್ಚಿ ದೀಪದ ಪಕ್ಕ ಇಟ್ಟರು. ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. “ಸೂತಕದ ಮನೇದು, ಊರ ನೀರಿಗೆ ತಾಗಿಸಬಾರದು,” ಎಂದರು ದೊಡ್ಡಮ್ಮ. ಅತ್ತ ಕೆಂಗೇರಿಯಲ್ಲೂ ನಲ್ಲಿ ಒಣಗಿತ್ತು, ಇತ್ತ ನಮ್ಮ ಬೀದಿಯ ಕೊಡಗಳೂ ಖಾಲಿ. ಸಾವಿನ ಮನೆಗೆ ಬಂದು ನೀರು ಕೇಳುವುದು ಹೇಗೆಂದು ಎಲ್ಲರೂ ಸುಮ್ಮನಿದ್ದರು. ನನಗೆ ಆ ದಿನಗಳು ನಿದ್ದೆಯೊಳಗಿನ ನಿದ್ದೆಯಂತೆ ನೆನಪಿವೆ.

ಅಪ್ಪನ ಸಮಾಧಿಗೆ ಹಾಲುತುಪ್ಪ ಬಿಡುವ ದಿನ ಬೆಳಿಗ್ಗೆ ಗೇಟಿನಾಚೆ ಅದೇ ಕೆಮ್ಮು ಕೇಳಿಸಿತು. ಅವರು ಒಳಗೆ ಬರಲಿಲ್ಲ.

“ಇವತ್ತಿನ ನೀರಿಗೆ ಟ್ಯಾಂಕರ್‌ಗೆ ಹೇಳಿದೀವಿ, ಬರುತ್ತೆ,” ಎಂದರು ದೊಡ್ಡಮ್ಮ, ಅವರು ಕೇಳುವ ಮೊದಲೇ.

“ಊರಿಗೆಲ್ಲ ನೀರು ಬಿಟ್ಟೋರು. ಅವರ ಹಾಲುತುಪ್ಪಕ್ಕೆ ಟ್ಯಾಂಕರ್ ನೀರಾ ಅಮ್ಮ?”

ದೊಡ್ಡಮ್ಮ ದೀಪದ ಪಕ್ಕದಿಂದ ಬೀಗದಕೈ ಎತ್ತಿಕೊಂಡರು. ಆಮೇಲೆ ಚೆಂಬಿನ ತಳದಲ್ಲಿ ಉಳಿದಿದ್ದ ನೀರಿಗೆ ಅರಿಶಿನ ಹಾಕಿ, ಅದನ್ನು ತೊಳೆದು, ನನ್ನ ಅಂಗೈಯಲ್ಲಿಟ್ಟರು. “ನೀನೇ ಹೋಗ್ ಬಾರೇ.”

ಕೆರೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಮುಂದೆ ಸೈಕಲ್, ಹಿಂದೆ ನಾನು. ಅಪ್ಪ ಪಂಪ್‌ಮನೆಯ ಹತ್ತಿರ ಕಾಯುತ್ತಿದ್ದಾರೆ ಎಂದೇ ಅನ್ನಿಸುತ್ತಿತ್ತು. ಅಂದು ಪುರಸಭೆಯ ಸರದಿ. ಹಾಗಾಗಿ ನಾನೇ ಮೊದಲು ಬೀಗಕ್ಕೆ ಕೈ ಹಾಕಿದೆ.

“ತಡಿಯಮ್ಮ,” ಎಂದು ಅವರು ಪಕ್ಕಕ್ಕೆ ಸರಿಯುವಂತೆ ಹೇಳಿ, ತಮ್ಮ ಬೀಗವನ್ನು ಮೊದಲು ತೆಗೆದರು.