ಜೋಗಕ್ಕೆ ಬೆನ್ನು ಹಾಕಿ ಕೂರುತ್ತಿದ್ದ ಅತ್ತೆ

ಇವತ್ತು ಜೋಗದಲ್ಲಿ ಚಿತ್ರಾನ್ನದ ಡಬ್ಬಿ ತೆರೆದಾಗ ಬಂದ ನಿಂಬೆಯ ವಾಸನೆಗೆ ಸಾಗರದ ಅತ್ತೆ ನೆನಪಾದರು. ಮನೆಗೆ ಬಂದ ನೆಂಟರಿಗೆಲ್ಲ ಅವರು ಕೆಳದಿ, ಇಕ್ಕೇರಿ ತೋರಿಸಿ ಕೊನೆಗೆ ಇಲ್ಲಿಗೆ ಕರೆತರುತ್ತಿದ್ದರು. ತಾವು ಮಾತ್ರ ಜಲಪಾತಕ್ಕೆ ಬೆನ್ನು ಹಾಕಿ, ಮಂಗಗಳ ಮೇಲೆ ಕಣ್ಣಿಟ್ಟು ಡಬ್ಬಿ ಕಾಯುತ್ತಿದ್ದರು.

ಚಿಕ್ಕವಳಿದ್ದಾಗ ಒಮ್ಮೆ ನಾನು ಹಟ ಹಿಡಿದೆ. "ಅತ್ತೆ, ನೀವು ನೋಡ್ಕಂಡು ಬನ್ನಿ, ಡಬ್ಬಿ ನಾನು ಕಾಯ್ತೀನಿ."

ಅವರು ಕಂಬಿ ಹಿಡಿದು ನಿಂತರು. ಮಂಜು ಸರಿದು ನಾಲ್ಕೂ ಧಾರೆ ಕಂಡವು. ನಾನೂ ಬಾಯಿಬಿಟ್ಟು ನೋಡುತ್ತಿದ್ದಾಗ ಮಂಗ ಡಬ್ಬಿಯನ್ನೇ ಎತ್ತಿಕೊಂಡು ಹೋಯಿತು. ನಾನು ಅಳತೊಡಗಿದರೂ ಅತ್ತೆ ತಿರುಗಲಿಲ್ಲ.

"ತಿನ್ಲಿ ಬಿಡು ಮಾರಾಯ್ತಿ. ಇಲ್ಲಿ ಅದ್ರದ್ದೇ ಮನೆ, ನಾವೇ ನೆಂಟ್ರು. ಬಾ, ನೋಡು."

ಇವತ್ತು ಕಂಬಿಯ ಹತ್ತಿರ ನಿಂತ ಮಗಳು "ಅಮ್ಮಾ, ಬಾ ನೋಡು" ಎಂದು ಕರೆದಾಗಲೇ ಗೊತ್ತಾದದ್ದು, ನಾನೂ ಜಲಪಾತಕ್ಕೆ ಬೆನ್ನು ಹಾಕಿಯೇ ಕೂತಿದ್ದೆ. ಡಬ್ಬಿಯ ಮುಚ್ಚಳವನ್ನೂ ಹಾಕದೆ ಎದ್ದೆ.