ಬಣ್ಣ ಬಿಟ್ಟ ನೀರು

ಇಳಕಲ್ಲಿನ ನಮ್ಮ ಮನೆಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತೇವೆ. ಹಿಂದೆಯೇ ಒಂದು ಹಳ್ಳ. ಹಳ್ಳ ಎಂಬ ಹೆಸರು ಮಳೆಗಾಲಕ್ಕೆ ಮಾತ್ರ ಒಪ್ಪುತ್ತದೆ. ಉಳಿದ ದಿನಗಳಲ್ಲಿ ಅದು ನಾವು ಬಿಟ್ಟ ನೀರು ಹರಿಯುವ ಮೋರಿ. ಹಂಡೆಯಲ್ಲಿ ಯಾವ ಬಣ್ಣ ಕುದಿಯಿತೋ ಸಂಜೆಗೆ ಹಳ್ಳಕ್ಕೂ ಅದೇ ಬಣ್ಣ. ಲಗ್ನಗಳ ಕಾಲದಲ್ಲಿ ದಾಳಿಂಬೆ ಕೆಂಪು, ಉಳಿದಂತೆ ಹಸಿರೋ ನೀಲಿಯೋ. ಬಾದಾಮಿಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಅದನ್ನು ನೋಡಿ ಮೂಗು ಮುರಿದಿದ್ದೆ. "ನಿಮ್ಮೂರಾಗ ಹಳ್ಳಾನೂ ಸೀರಿ ಉಡತೈತೇನ್ರಿ?" ಎಂದು ನನ್ನ ಗಂಡನನ್ನು ಕೇಳಿದಾಗ ಇವರು ನಕ್ಕಿದ್ದರು. ಆಗ ನಗುವುದಕ್ಕೆ ಏನೂ ಅಡ್ಡಿಯಿರಲಿಲ್ಲ.

ಕೆಳಗಿನ ಹೊಲದವರ ಬಾವಿಗೆ ಬಣ್ಣ ಇಳಿದ ಮೇಲೆ ನಗು ನಿಂತಿತು. ಅವರು ಕೊಡದಲ್ಲಿ ನೀರು ತಂದು ನಮ್ಮ ಅಂಗಳದಲ್ಲಿ ಸುರಿದು, ಒಂದು ಮಾತೂ ಆಡದೆ ಹೋದರು. ಬೈದಿದ್ದರೆ ಇವರು ತಿರುಗಿ ಬೈದು ಮರೆತುಬಿಡುತ್ತಿದ್ದರು. ಸುಮ್ಮನೆ ಹೋದದ್ದು ಇವರ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಬಾಗಲಕೋಟೆಯಲ್ಲಿ ಯಾರೋ ತರಬೇತಿ ನಡೆಸುತ್ತಾರೆಂದು ಕೇಳಿ ಹೋಗಿ ಬಂದವರು, ಊಟಕ್ಕೆ ಕೂತಾಗ ಹೇಳಿದರು: "ಗಿಡಾ ಹಚ್ಚಿ ನೀರ್ ತೊಳೀಬಹುದಂತ."

"ನೂಲಿಗೆ ಬಣ್ಣ ಹಚ್ಚಾವ್ರು ನೀವು, ತೊಳಿಯಾಕ ಗಿಡಾ ಏನು?" ಎಂದೆ. ಆದರೂ ತವರುಮನೆಯ ಹಿತ್ತಲಿನಿಂದ ಕಾಬಾಳೆಯ ಗಡ್ಡೆಗಳನ್ನು ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ತಂದವಳು ನಾನೇ. ನೀರು ನಿಲ್ಲುವ ಕಡೆ ಆಳೆತ್ತರ ಬೆಳೆಯುವ ಆಪು ಹುಲ್ಲನ್ನು ಇವರು ಎಲ್ಲಿಂದಲೋ ಬೇರುಸಹಿತ ಕಿತ್ತು ತಂದರು. ಒಂದು ಗುಂಡಿ ತೋಡಿ ಗ್ರಾನೈಟ್ ಕಲ್ಲಿನ ಚೂರು ತುಂಬಿದರು. ಆ ಚೂರಿಗೆ ನಮ್ಮೂರಲ್ಲಿ ಬರವಿಲ್ಲ. ಮೇಲೆ ಮರಳು, ಅದರಲ್ಲಿ ಗಿಡ. ಬಣ್ಣದ ನೀರು ಬೇರುಗಳ ನಡುವೆ ಜಿನುಗಿ ಕೆಳಗಿನ ಹೊಂಡಕ್ಕೆ ಇಳಿಯಬೇಕು.

ಮೊದಮೊದಲು ಗಿಡಗಳು ಸೊರಗಿದವು. ಆಮೇಲೆ ಒಮ್ಮೆ ಹಿಡಿದುಕೊಂಡವು ನೋಡಿ, ಆಪು ನನಗಿಂತ ಎತ್ತರ, ಕಾಬಾಳೆಯ ತುಂಬ ಕೆಂಪು ಹೂ. ಹೊಂಡಕ್ಕೆ ಇಳಿದ ನೀರಿನಲ್ಲಿ ತಳದ ಕಲ್ಲು ಕಾಣುತ್ತಿತ್ತು. ನೀರು ಬಣ್ಣ ಬಿಟ್ಟಿತ್ತು. ನೋಡಲು ಬಂದವರಿಗೆಲ್ಲ ಇವರು ಚಹಾ ಕುಡಿಸಿದ್ದೇ ಕುಡಿಸಿದ್ದು. ನನಗೂ ಹೆಮ್ಮೆಯೆನಿಸಿತ್ತು, ಸುಳ್ಳು ಯಾಕೆ ಹೇಳಲಿ.

ತರಬೇತಿಯಲ್ಲಿ ಒಂದು ಮಾತು ಒತ್ತಿ ಹೇಳಿದ್ದರಂತೆ: ಗಿಡ ಹೀರಿದ ವಿಷ ಗಿಡದಲ್ಲೇ ಇರುತ್ತದೆ, ದನಕರುಗಳಿಗೆ ಹಾಕಬೇಡಿ. ಬೇಸಿಗೆಯಲ್ಲಿ ನಮ್ಮ ಕಡೆ ಒಂದು ಹಸಿರೆಲೆ ಕಂಡರೆ ಆಡು ಬಿಡುವುದಿಲ್ಲ. ಆದ್ದರಿಂದ ಇವರು ಗುಂಡಿಯ ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿದರು. ಪೂಜೆಗೆಂದು ಹೂ ಕೇಳಿದ ಪಕ್ಕದ ಮನೆಯಾಕೆಯನ್ನೂ ಬರಿಗೈಯಲ್ಲಿ ಕಳಿಸಿದರು. ಬೇಲಿ ಗಿಡಕ್ಕೆ ಮಾತ್ರ. ಹೊಂಡ ತೆರೆದೇ ಇತ್ತು.

ಪ್ರತಿ ಬೇಸಿಗೆಗೆ ಗುಡೂರಿನ ಕಡೆಯಿಂದ ಒಬ್ಬರು ಕುರಿಗಾರರು ಹಿಂಡು ಹೊಡೆದುಕೊಂಡು ಬಂದು ನಮ್ಮ ಹಿಂದಿನ ಬೀಳು ಹೊಲದಲ್ಲಿ ಇಳಿಯುತ್ತಿದ್ದರು. ಬೀರಪ್ಪನ ಒಕ್ಕಲು, ಹಣೆಗೆ ಭಂಡಾರ ಹಚ್ಚದೆ ಹಿಂಡು ಎಬ್ಬಿಸುವವರಲ್ಲ. ನಾನು ಕಾಕಾ ಎನ್ನುತ್ತಿದ್ದೆ, ಅವರು ಮಗಳನ್ನು ಕರೆದ ಹಾಗೆ ಯವ್ವಾ ಎನ್ನುತ್ತಿದ್ದರು. ಬಣ್ಣದ ಹಳ್ಳದ ಹತ್ತಿರ ಅವರು ಕುರಿಗಳನ್ನು ಸುಳಿಯಗೊಟ್ಟವರೇ ಅಲ್ಲ. "ಹಸರ ನೀರ್ ಕುಡದು ಹಸರ ಮರಿ ಹಾಕಿದ್ರ ಯಾರ್ ತಗೋತಾರ ಯವ್ವಾ?" ಎಂದು ನಗುತ್ತ, ದೂರದ ಬೋರಿನ ತೊಟ್ಟಿಯವರೆಗೆ ಹೊಡೆದುಕೊಂಡು ಹೋಗುತ್ತಿದ್ದರು.

ಆ ವರ್ಷ ಹಿಂಡಿನಲ್ಲಿ ಗಬ್ಬದ ಕುರಿಗಳೇ ಹೆಚ್ಚು. ಅವುಗಳನ್ನು ಸುಡು ಬಿಸಿಲಲ್ಲಿ ಅಷ್ಟು ದೂರ ನಡೆಸುವುದು ಹೇಗೆಂದು ಕಾಕಾ ಅವರಿಗೆ ಚಿಂತೆ. ಹೊಂಡದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ನೀರಲ್ಲಿ ಕೈ ಅದ್ದಿ ಬಹಳ ಹೊತ್ತು ನೋಡಿದರು.

"ನೀರು ಭಾಳ ತಿಳಿ ಆಗೇತ್ರಿ ಮಾಲಕ್ರ. ಇಲ್ಲೇ ಕುಡಸ್ಲೇನು?"

"ಕುಡಸ್ರಿ. ಗಿಡಕ್ಕ ಬಾಯಿ ಹಾಕ್ದಂಗ ನೋಡ್ಕೋರಿ, ಸಾಕು," ಎಂದರು ಇವರು. ನಾನು ಅಲ್ಲೇ ನೂಲಿನ ಲಡಿಗಳನ್ನು ಹಿಂಡಿ ಒಣಗಲು ಬಿದಿರಿನ ಗಳಕ್ಕೆ ಹಾಕುತ್ತಿದ್ದೆ. ನೀರು ತಿಳಿಯಾಗಿತ್ತು, ನಮಗಾರಿಗೂ ಏನೂ ತಿಳಿದಿರಲಿಲ್ಲ.

ಕುರಿಗಳು ಮುಗಿಬಿದ್ದು ಕುಡಿದವು. ಬೋರಿನ ನೀರಿಗೆ ಮೂತಿ ತಿರುಗಿಸುತ್ತಿದ್ದ ಮುದಿ ಕುರಿಯೂ ಮೊಣಕಾಲೂರಿ ಕುಡಿಯಿತು. "ಹೆಂಗ ಕುಡೀತಾವ ನೋಡ್ ಯವ್ವಾ! ನೀರು ಸಿಹಿ ಇದ್ರ ಮಾತ್ರ ಹಿಂಗ ಕುಡೀತಾವ," ಎಂದು ಕಾಕಾ ಹಿಗ್ಗಿದರು. ಕುರಿಗೆ ಉಪ್ಪೆಂದರೆ ಪ್ರಾಣ. ಬೇಸಿಗೆಯಲ್ಲಿ ಹಿಂಡಿಗೆ ಕಲ್ಲುಪ್ಪು ನೆಕ್ಕಿಸುತ್ತಿದ್ದವರು ಕಾಕಾ ಅವರೇ, ಆದರೂ ಅವರಿಗೆ ಅದು ಹೊಳೆಯಲಿಲ್ಲ. ಬಣ್ಣ ನೂಲಿಗೆ ಕಚ್ಚಲಿ ಎಂದು ನಾವು ಹಂಡೆಗೆ ಮೊರಗಟ್ಟಲೆ ಸುರಿಯುವುದೂ ಉಪ್ಪನ್ನೇ. ಅದು ನಮಗೂ ಹೊಳೆಯಲಿಲ್ಲ.

ಕೆಲವು ವಾರ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಕುರಿಗಳಿಗೆ ಭೇದಿ ಶುರುವಾಯಿತು. ಮೇವು ಬಿಟ್ಟವು. ನಡೆಯುತ್ತ ನಡೆಯುತ್ತ ಕಾಲು ತೊಡರಿ ಬೀಳತೊಡಗಿದವು. ಒಂದು ಬೆಳಿಗ್ಗೆ ಕಾಕಾ ಕಂಬಳಿಯಲ್ಲಿ ಏನನ್ನೋ ಸುತ್ತಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಬಿಚ್ಚಿದರು. ಉಣ್ಣೆ ಇನ್ನೂ ಮೂಡದ, ಕಣ್ಣು ಮುಚ್ಚಿಯೇ ಇದ್ದ ಮರಿ. ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಒಂದರ ಹಿಂದೊಂದು ಕಂದು ಹಾಕುತ್ತಿದ್ದವು.

ದನದ ದವಾಖಾನೆಯ ಡಾಕ್ಟರು ಬಂದು ಮೊದಲು ಕೇಳಿದ್ದೇ ನೀರಿನ ಬಗ್ಗೆ. ಕಾಕಾ ಹೊಂಡ ತೋರಿಸಿದರು. ಡಾಕ್ಟರು ಬೆರಳು ಅದ್ದಿ ನಾಲಿಗೆಯ ತುದಿಗೆ ತಾಗಿಸಿ ಉಗುಳಿದರು.

"ಬಣ್ಣ ಹೋದ್ರ ವಿಷಾನೂ ಹೋತಂತ ಯಾರ್ ಹೇಳಿದ್ರಿ ನಿಮಗ? ಗಿಡಾ ಬಣ್ಣ ಹಿಡದೇತಿ, ನೀವು ಹಂಡ್ಯಾಗ ಹಾಕಿದ ಉಪ್ಪು ಸೋಡಾ ಇದರಾಗ ಹಂಗ ಅದಾವು. ಬ್ಯಾಸಗ್ಯಾಗ ಗಿಡಾನೂ ಬಿಸಲೂ ಕೂಡಿ ನೀರಷ್ಟ ಕುಡದು, ಉಳದದ್ದನ್ನ ಮತ್ತೂ ಗಟ್ಟಿ ಮಾಡ್ಯಾವು."

ಇವರು ಬೇಲಿಯ ಗೂಟ ಹಿಡಿದು ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. "ಗಿಡಕ್ಕ ಬೇಲಿ ಕಟ್ಟಿದ್ರಿ, ನೀರಿಗೆ ಯಾಕ ಕಟ್ಟಲಿಲ್ಲ?" ಎಂದು ಎಲ್ಲರ ಮುಂದೆ ಕಿರುಚಿದೆ. ಕಾಕಾ ಅವರೇ ನನ್ನನ್ನು ತಡೆದರು. "ಬ್ಯಾಡ ಯವ್ವಾ. ನಾನೂ ಕಣ್ಣಿಲೆ ನೋಡೇ ಕುಡಿಸೀನಿ." ಆ ಮಾತು ಕೇಳಿ ನನಗೆ ಇನ್ನಷ್ಟು ಸಂಕಟವಾಯಿತು. ಅವರು ನಮ್ಮನ್ನು ಬೈಯಬೇಕಿತ್ತು.

ಎಷ್ಟೋ ಕುರಿಗಳು ಉಳಿಯಲಿಲ್ಲ. ಸತ್ತವುಗಳನ್ನು ಬೀಳಿನಲ್ಲೇ ಹೂಳಿದರು. ಉಳಿದ ಹಿಂಡು ಎಬ್ಬಿಸಿಕೊಂಡು ಕಾಕಾ ಹೊರಟದ್ದನ್ನು ನೋಡಲಾಗದೆ ಇವರು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಒಂದು ಬಕೆಟ್ ಇತ್ತು, ಹಂಡೆಯ ತಳದಲ್ಲಿ ಉಳಿದಿದ್ದ ದಾಳಿಂಬೆ ಕೆಂಪು. ನೇರ ಹೋಗಿ ಅಷ್ಟನ್ನೂ ಹೊಂಡಕ್ಕೆ ಸುರಿದರು. ನೀರು ರಕ್ತದಂತಾಯಿತು.

"ತಲಿ ಕೆಟ್ಟೈತೇನ್ರಿ ನಿಮಗ?"

"ಕಣ್ಣಿಗೆ ಕಾಣ್ಲಿ," ಎಂದರು. "ಕಂಡ್ರ ಯಾರೂ ಬಾಯಿ ಹಚ್ಚೂದಿಲ್ಲ."

ಈಗ ಹೊಂಡಕ್ಕೂ ಬೇಲಿಯಿದೆ. ಆದರೂ ಇವರ ಮನಸ್ಸು ಒಪ್ಪುವುದಿಲ್ಲ. ಗಿಡಗಳು ನೀರನ್ನು ತಿಳಿಮಾಡಿ ಕೆಳಗೆ ಕಳಿಸುತ್ತವೆ, ಇವರು ಅದಕ್ಕೆ ಮತ್ತೆ ಕೆಂಪು ಸುರಿಯುತ್ತಾರೆ. ನೋಡಿದವರು ನಗುತ್ತಾರೆ. ನಗಲಿ.

ಈ ಬೇಸಿಗೆಯಲ್ಲಿ ಕಾಕಾ ಬೀಳಿನಲ್ಲಿ ಇಳಿಯದೆ ನಮ್ಮ ಮನೆಯ ಮುಂದೆಯೇ ಹಾದು ಹೊರಟಿದ್ದರು. ಹಿಂಡು ಅರ್ಧಕ್ಕಿಂತ ಸಣ್ಣದಾಗಿತ್ತು. ಓಡಿಹೋಗಿ ಕರೆತಂದು ಕಟ್ಟೆಯ ಮೇಲೆ ಕೂರಿಸಿದೆ. ಒಳಗಿನಿಂದ ತಂಬಿಗೆಯಲ್ಲಿ ನೀರು ತಂದುಕೊಟ್ಟೆ. ಬಿಸಿಲಿಗೆ ಅವರ ತುಟಿ ಒಡೆದಿತ್ತು. ತಂಬಿಗೆಯನ್ನು ಬಾಯಿಯವರೆಗೆ ಎತ್ತಿದವರು ಹಾಗೇ ತಡೆದು ಒಳಗೆ ಇಣುಕಿದರು. ತಳ ಸ್ವಚ್ಛವಾಗಿ ಕಾಣುತ್ತಿತ್ತು.

"ನಳದ ನೀರ್ ಕಾಕಾ, ನಾವೂ ಇದನ್ನ ಕುಡೀತೀವಿ," ಎಂದೆ.

"ಗೊತ್ತೈತಿ ಯವ್ವಾ," ಎಂದರು. "ನನಗ ನೀರಡಿಕಿ ಆಗಿಲ್ಲ." ತಂಬಿಗೆಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಎದ್ದು ಹೋದರು.